ಸ್ಪೋರ್ಟ್ಸ್ ಸೆಡಾನ್ ತೆಗೆದುಕೊಂಡು ಮೊದಲ ಸಲ ರೇಸ್ ಟ್ರ್ಯಾಕಿಗೆ ಹೋಗುವವರಿಗೆ

ಪ್ರಶ್ನೆ: ನನ್ನ ಹತ್ತಿರ ಸುಮಾರು 300 ಹಾರ್ಸ್‌ಪವರ್‌ನ ಆಟೋಮ್ಯಾಟಿಕ್ ಸ್ಪೋರ್ಟ್ಸ್ ಸೆಡಾನ್ ಇದೆ. ಪವರ್ ಹೋಗುವುದು ಹಿಂದಿನ ಚಕ್ರಗಳಿಗೆ. ಬರುವ ತಿಂಗಳು ಒಂದು ಟ್ರ್ಯಾಕ್ ಡೇಗೆ, ಅಂದರೆ ನಮ್ಮದೇ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನಕ್ಕೆ, ಹೆಸರು ಕೊಟ್ಟಿದ್ದೇನೆ. ರಸ್ತೆಯಲ್ಲಿ ವರ್ಷಗಟ್ಟಲೆ ಓಡಿಸಿ ಅಭ್ಯಾಸ ಇದೆ, ಟ್ರ್ಯಾಕ್ ಮಾತ್ರ ಪೂರ್ತಿ ಹೊಸದು. ಗಾಡಿಗೆ ಏನೇನು ಹಾಕಿಸಬೇಕು? ಬ್ರೇಕ್ ಪ್ಯಾಡ್, ಟೈರ್ ಬದಲಾಯಿಸಬೇಕಾ? ಗಾಡಿ ಜಾರಿದಾಗ ತಾನೇ ಸಂಭಾಳಿಸುವ ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡಿದರೇ ನಿಜವಾಗಿ ಕಲಿಯೋಕೆ ಆಗೋದು ಅಂತ ಸ್ನೇಹಿತರು ಹೇಳುತ್ತಾರೆ. ಹೌದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡಬೇಡಿ. ಮೊದಲ ದಿನ ಬೇಡ, ಎರಡನೇ ದಿನವೂ ಬೇಡ. ಅದು ಕಲಿಕೆಗೆ ಅಡ್ಡ ಬರುತ್ತದೆ ಅನ್ನುವ ಮಾತು ಅರ್ಧ ಮಾತ್ರ ಸರಿ. ಬಳಸಿಕೊಳ್ಳಲು ಗೊತ್ತಿದ್ದರೆ ಅದೇ ನಿಮಗೆ ಪಾಠ ಹೇಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರದ ಹಳದಿ ದೀಪ ಒಂದಿದೆಯಲ್ಲ, ಅದು ಮಿಣುಕಿದರೆ ಆ ಕ್ಷಣ ಟೈರಿನ ಕೈಲಾಗದ ಕೆಲಸವನ್ನು ನೀವು ಅದಕ್ಕೆ ಹೇಳಿದ್ದೀರಿ, ಗಾಡಿ ನಿಮ್ಮನ್ನು ಸಂಭಾಳಿಸಿದೆ ಅಂತ ಅರ್ಥ. ಎಲ್ಲಿ ಮಿಣುಕಿತು, ಆಗ ಕಾಲು ಯಾವ ಪೆಡಲ್ ಮೇಲಿತ್ತು, ಸ್ಟೀರಿಂಗ್ ಎಷ್ಟು ತಿರುಗಿತ್ತು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ದೀಪವನ್ನೇ ನೋಡುತ್ತಾ ಕೂರಬೇಡಿ, ಕಣ್ಣಂಚಿಗೆ ಬಿದ್ದಷ್ಟು ಸಾಕು. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ದರೆ ಅವರು ಗಮನಿಸಿ ಹೇಳುತ್ತಾರೆ. ಮೊದಲ ದಿನಕ್ಕೆ ಒಂದೇ ಗುರಿ ಇಟ್ಟುಕೊಳ್ಳಿ ಅಂದರೆ ನಾನು ಹೇಳುವುದು ಇದನ್ನೇ: ಬೆಳಿಗ್ಗೆ ದೀಪ ಮಿಣುಕಿಸಿಕೊಂಡು ಹೋದ ವೇಗದಲ್ಲೇ ಸಂಜೆ ದೀಪ ಒಮ್ಮೆಯೂ ಮಿಣುಕದ ಹಾಗೆ ಒಂದು ಪೂರ್ತಿ ಲ್ಯಾಪ್ ಮುಗಿಸಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಸ್ಪೋರ್ಟ್ಸ್ ಸೆಡಾನ್‌ಗೆ ಅದರದ್ದೇ ಆದ ಒಂದು ಅಪಾಯ ಇದೆ. ಒಳಗೆ ಸದ್ದಿಲ್ಲ, ಸೀಟು ಮೆತ್ತಗೆ, ಸಸ್ಪೆನ್ಷನ್ ಎಲ್ಲವನ್ನೂ ನುಂಗಿಕೊಳ್ಳುತ್ತದೆ. 180ರಲ್ಲಿ ಹೋಗುತ್ತಿದ್ದರೂ 120ರ ಹಾಗೆ ಅನ್ನಿಸುತ್ತದೆ. ಹಗುರವಾದ ಸಣ್ಣ ಕಾರಿನಲ್ಲಿ ವೇಗ ಜಾಸ್ತಿಯಾದರೆ ಗಾಡಿಯೇ ಗಲಾಟೆ ಮಾಡಿ ಹೇಳುತ್ತದೆ. ನಿಮ್ಮದು ಹೇಳುವುದಿಲ್ಲ. ಜೊತೆಗೆ ಡ್ರೈವರ್ ಸೇರಿ ತೂಕ 1,600 ಕೆಜಿ ಆಸುಪಾಸು. ಗಂಟೆಗೆ 180 ಕಿಲೋಮೀಟರ್ ಅಂದರೆ ಸೆಕೆಂಡಿಗೆ 50 ಮೀಟರ್. ಒಂದು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ 15 ಮೀಟರ್ ದಾಟಿರುತ್ತೀರಿ.

ಈಗ ಗಾಡಿಗೆ ಏನು ಮಾಡಿಸಬೇಕು ಅನ್ನುವ ವಿಷಯ. ಎಂಜಿನ್ ರೀಮ್ಯಾಪ್, ಎಕ್ಸಾಸ್ಟ್, ತಗ್ಗಿಸಿದ ಸ್ಪ್ರಿಂಗ್ ಯಾವುದೂ ಬೇಡ. ಎಲ್ಲರೂ ಮರೆಯುವ ಒಂದು ಕೆಲಸವನ್ನು ಮಾತ್ರ ಬಿಡಬೇಡಿ. ಬ್ರೇಕ್ ಆಯಿಲ್ ಬದಲಾಯಿಸಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಟ್ರ್ಯಾಕಿನಲ್ಲಿ ಹೊಸಬರ ಗಾಡಿ ಕೈಕೊಡುವುದು ಹೆಚ್ಚಾಗಿ ಇಲ್ಲೇ. ಉದ್ದದ ನೇರ ದಾರಿಯ ಕೊನೆಯಲ್ಲಿ 180ರಿಂದ 80ಕ್ಕೆ ಇಳಿಸುತ್ತೀರಿ ಅಂತ ಇಟ್ಟುಕೊಳ್ಳಿ. ಜೋರಾಗಿ ಬ್ರೇಕ್ ಹಾಕಿದರೆ ಮೂರು ಸೆಕೆಂಡಿನ ಕೆಲಸ. ಅಷ್ಟು ಹೊತ್ತಿನಲ್ಲಿ ಗಾಡಿಯ ಓಟದಿಂದ ಸುಮಾರು 16 ಲಕ್ಷ ಜೂಲ್ ಶಕ್ತಿ ಬಿಸಿಯಾಗಿ ಬದಲಾಗುತ್ತದೆ. ಐದು ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಬೇಕಾಗುವಷ್ಟು ಬಿಸಿ ಅದು. ಆ ಮೂರು ಸೆಕೆಂಡು ನಿಮ್ಮ ಬ್ರೇಕ್ ಮಾಡುವ ಕೆಲಸ 700 ಹಾರ್ಸ್‌ಪವರ್‌ಗೆ ಸಮ. ಅಂದರೆ ನಿಮ್ಮ ಎಂಜಿನ್ನಿನ ಎರಡು ಪಟ್ಟಿಗೂ ಹೆಚ್ಚು. ಪ್ರತಿ ಲ್ಯಾಪಿನಲ್ಲೂ ಹೀಗೆ ನಾಲ್ಕೈದು ಕಡೆ ನಡೆಯುತ್ತದೆ, ನಡುವೆ ಡಿಸ್ಕ್ ತಣ್ಣಗಾಗಲು ಪುರುಸೊತ್ತೇ ಇಲ್ಲ. ರಸ್ತೆಯಲ್ಲಿ ನೀವು ಎಷ್ಟೇ ಜೋರಾಗಿ ಓಡಿಸಿದರೂ ಬ್ರೇಕ್ ಈ ಮಟ್ಟಕ್ಕೆ ಕಾಯುವುದಿಲ್ಲ.

ಆ ಬಿಸಿ ಪ್ಯಾಡ್ ಮೂಲಕ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಹೋಗುತ್ತದೆ. ಡಾಟ್ 4 ಗ್ರೇಡಿನ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ಆದರೆ ಇದು ಗಾಳಿಯಿಂದ ತೇವ ಹೀರುವ ಆಯಿಲ್. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಸಾಕಷ್ಟು ನೀರು ಸೇರಿರುತ್ತದೆ. ಶೇಕಡಾ 3.7ರಷ್ಟು ನೀರು ಸೇರಿದ ಡಾಟ್ 4ಕ್ಕೆ ಕುದಿಯುವ ಮಟ್ಟದ ಕನಿಷ್ಠ ಮಿತಿ 155 ಡಿಗ್ರಿ. ಎಷ್ಟು ಕೆಳಗೆ ಬಂತು ನೋಡಿ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಆಗುತ್ತದೆ. ನೀವು ಪೆಡಲ್ ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಖರ್ಚಾಗಿ, ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಅದಕ್ಕೇ ಹೊರಡುವ ಮುಂಚೆ ಹಳೆಯದನ್ನು ಪೂರ್ತಿ ತೆಗೆಸಿ ಹೊಸ ಆಯಿಲ್ ಹಾಕಿಸಿ, ಪೈಪಿನೊಳಗಿನ ಗಾಳಿ ತೆಗೆಸಿ. 300 ಡಿಗ್ರಿ ದಾಟುವ ರೇಸಿಂಗ್ ಆಯಿಲ್ ಸಿಗುತ್ತದೆ, ಹಾಕಿಸಿದರೆ ಒಳ್ಳೆಯದೇ. ಆದರೆ ಅದು ನಿಮ್ಮ ಗಾಡಿಯ ಪುಸ್ತಕ ಹೇಳುವ ಆಯಿಲ್ ಜೊತೆ ಹೊಂದಬೇಕು. ಡಾಟ್ 5 ಅಂತ ಬರೆದಿರುವುದು ಸಿಲಿಕೋನ್ ಆಯಿಲ್, ಅದನ್ನು ಇದರ ಜೊತೆ ಬೆರೆಸುವ ಹಾಗಿಲ್ಲ. ಡಾಟ್ 5.1 ಬೇರೆ ಜಾತಿ, ಅದು ಡಾಟ್ 4ರ ಕಡೆಯದ್ದು. ಅಂಗಡಿಯಲ್ಲಿ ಡಬ್ಬಿ ತೆಗೆದುಕೊಳ್ಳುವಾಗ ಈ ಚುಕ್ಕೆಯೊಂದನ್ನು ನೋಡಿಕೊಳ್ಳಿ.

ಪ್ಯಾಡ್ ಬದಲಾಯಿಸುವುದು ಮೊದಲ ದಿನಕ್ಕೆ ಬೇಕಿಲ್ಲ, ಅರ್ಧಕ್ಕಿಂತ ಜಾಸ್ತಿ ದಪ್ಪ ಉಳಿದಿದ್ದರೆ ಸಾಕು. ಅರ್ಧಕ್ಕಿಂತ ಸವೆದಿದ್ದರೆ ಕಂಪನಿಯದ್ದೇ ಹೊಸದು ಹಾಕಿಸಿ. ತೆಳು ಪ್ಯಾಡ್ ಬಿಸಿಯನ್ನು ತಡೆಯುವುದಿಲ್ಲ, ನೇರ ಆಯಿಲ್‌ಗೆ ದಾಟಿಸುತ್ತದೆ. ರೇಸಿಂಗ್ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಅದನ್ನು ಹಾಕಿಕೊಂಡು ಟ್ರ್ಯಾಕಿಗೆ ಹೋಗಿ ಬರುವ ರಸ್ತೆಯಲ್ಲಿ ಮೊದಲ ಬ್ರೇಕಿಗೇ ಗಾಬರಿಯಾಗುತ್ತದೆ.

ಟೈರ್ ಕೂಡ ಈಗಿರುವುದೇ ನಡೆಯುತ್ತದೆ, ಚೆನ್ನಾಗಿದ್ದರೆ. ಪಕ್ಕದಲ್ಲಿ ನಾಲ್ಕು ಅಂಕಿಯ ತಯಾರಿಕೆಯ ಗುರುತು ಇರುತ್ತದೆ. 2423 ಅಂತಿದ್ದರೆ 2023ರ 24ನೇ ವಾರದಲ್ಲಿ ತಯಾರಾಗಿದ್ದು. ಐದಾರು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿರುತ್ತದೆ, ನೆಲಕ್ಕೆ ತಾಗುವ ಬಟನ್ ಚೆನ್ನಾಗಿ ಕಂಡರೂ ಅದನ್ನು ನಂಬಿಕೊಂಡು ಟ್ರ್ಯಾಕಿಗೆ ಇಳಿಯಬೇಡಿ. ಒಳಗಿನ ಅಂಚನ್ನೂ ಬಗ್ಗಿ ಕೈಯಾಡಿಸಿ ನೋಡಿ, ಸವೆತ ಅಡಗಿ ಕೂರುವ ಜಾಗ ಅದು. ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗ ಬಾಗಿಲ ಹತ್ತಿರ ಅಂಟಿಸಿದ ಚೀಟಿಯಲ್ಲಿ ಇರುವಷ್ಟೇ ಇಟ್ಟುಕೊಂಡು ಹೋಗಿ. ಕಾಲು ಗಂಟೆ ಟ್ರ್ಯಾಕಿನಲ್ಲಿ ಓಡಿಸಿ ಬಂದ ಮೇಲೆ ನೋಡಿದರೆ 6ರಿಂದ 8 ಪಿಎಸ್‌ಐ ಏರಿರುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. 33 ಇದ್ದದ್ದು 41 ಆಗಿದ್ದರೆ ಟೈರ್ ಉಬ್ಬಿ, ನೆಲಕ್ಕೆ ತಾಗುವ ಜಾಗ ಕಮ್ಮಿಯಾಗಿ, ಗಾಡಿ ಜಾರಿದ ಹಾಗೆ ಅನ್ನಿಸುತ್ತದೆ. ಬಿಸಿಯಿರುವಾಗಲೇ ಸ್ವಲ್ಪ ಬಿಡಿ. ನಿಮ್ಮಂಥ ಗಾಡಿಗೆ ಬಿಸಿ ಟೈರಿನಲ್ಲಿ 35ರಿಂದ 38ರ ನಡುವೆ ಎಲ್ಲೋ ಸರಿಹೋಗುತ್ತದೆ. ಎಲ್ಲಿ ಅಂತ ತಿಳಿಯಲು ಒಂದು ಸೀಮೆಸುಣ್ಣ ಸಾಕು. ಟೈರಿನ ಭುಜದ ಮೇಲೆ, ಬಟನ್‌ನಿಂದ ಪಕ್ಕದ ಗೋಡೆಯವರೆಗೆ, ಅಡ್ಡಲಾಗಿ ಒಂದು ಗೆರೆ ಎಳೆಯಿರಿ. ಓಡಿಸಿ ಬಂದ ಮೇಲೆ ಗೆರೆ ಎಲ್ಲಿಯವರೆಗೆ ಅಳಿಸಿದೆ ನೋಡಿ. ಪಕ್ಕದ ಗೋಡೆಯ ಮೇಲೂ ಅಳಿಸಿದ್ದರೆ ಟೈರ್ ಮಡಚಿಕೊಳ್ಳುತ್ತಿದೆ, ಗಾಳಿ ಕಮ್ಮಿ. ಭುಜದ ಅಂಚಿಗೂ ಬಂದಿಲ್ಲ ಅಂದರೆ ಗಾಳಿ ಜಾಸ್ತಿ.

ಉಳಿದ ತಯಾರಿ ಬೇಗ ಹೇಳಿ ಮುಗಿಸುತ್ತೇನೆ. ಎಂಜಿನ್ ಆಯಿಲ್ ಮೇಲಿನ ಗೆರೆಯ ಹತ್ತಿರ ಇರಲಿ, ಜೋರು ತಿರುವಿನಲ್ಲಿ ಆಯಿಲ್ ಒಂದು ಕಡೆ ಸರಿದು ಪಂಪಿಗೆ ಸಿಗದೆ ಹೋಗಬಾರದು. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಸಬೇಡಿ, ಕಾರಣ ಅದೇ. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಿ, ಮಧ್ಯಾಹ್ನ ಚಕ್ರ ತಣ್ಣಗಾದಾಗ ಮತ್ತೆ ನೋಡಿ. ಡಿಕ್ಕಿ ಖಾಲಿ ಮಾಡಿ. ಸ್ಟೆಪ್ನಿ, ಜಾಕ್, ಕೊಡೆ, ನೀರಿನ ಬಾಟಲಿ ಎಲ್ಲ ಹೊರಗೆ. ಡ್ರೈವರ್ ಕಾಲಡಿಯ ಮ್ಯಾಟ್ ಕೂಡ ತೆಗೆಯಿರಿ. ಬ್ರೇಕ್ ಪೆಡಲ್ ಕೆಳಗೆ ಬಾಟಲಿ ಉರುಳಿ ಬಂದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಹೆಲ್ಮೆಟ್‌ನಲ್ಲಿ ಸ್ನೆಲ್ ಅನ್ನುವ ಸುರಕ್ಷತಾ ಪರೀಕ್ಷೆಯ ಗುರುತಿನ ಪಕ್ಕ ಎಸ್‌ಎ ಅಂತ ಇರುವುದನ್ನು ತೆಗೆದುಕೊಳ್ಳಿ. ಅದು ಕಾರಿಗೆ ಮಾಡಿದ್ದು, ಬೆಂಕಿಯ ಪರೀಕ್ಷೆಯೂ ಆಗಿರುತ್ತದೆ. ಎಂ ಅಂತ ಇರುವುದು ಬೈಕಿನದ್ದು. ಕೆಲವು ಕಡೆ ಬೈಕಿನದ್ದನ್ನು ಒಪ್ಪುತ್ತಾರೆ, ಕೆಲವು ಕಡೆ ಇಲ್ಲ, ಮುಂಚೆಯೇ ಕೇಳಿಕೊಳ್ಳಿ. ಎಷ್ಟೋ ಇನ್ಶೂರೆನ್ಸ್ ಪಾಲಿಸಿಗಳು ಟ್ರ್ಯಾಕಿನಲ್ಲಿ ಆದ ಹಾನಿಗೆ ಹಣ ಕೊಡುವುದಿಲ್ಲ, ನಿಮ್ಮದನ್ನೂ ಓದಿ ನೋಡಿ.

ಕೂರುವ ಭಂಗಿಯ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ನಾನು ಯಾರ ಪಕ್ಕ ಕೂತರೂ ಮೊದಲು ಸರಿಪಡಿಸುವುದು ಅದನ್ನೇ. ರಸ್ತೆಯಲ್ಲಿ ಎಲ್ಲರೂ ಹಿಂದಕ್ಕೆ ಒರಗಿ ದೂರ ಕೂರುತ್ತಾರೆ. ಟ್ರ್ಯಾಕಿಗೆ ಅದು ಆಗುವುದಿಲ್ಲ. ಭುಜ ಸೀಟಿಗೆ ಅಂಟಿರುವಾಗಲೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ತಾಗಬೇಕು. ಬ್ರೇಕ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿಯೇ ಇರಬೇಕು. ಕೈಗಳು ಗಡಿಯಾರದ 9 ಮತ್ತು 3ರ ಜಾಗದಲ್ಲಿ. ಎಡಗಾಲನ್ನು ಪಕ್ಕದ ಫುಟ್‌ರೆಸ್ಟಿಗೆ ಒತ್ತಿ ಮೈಯನ್ನು ಹಿಡಿದುಕೊಳ್ಳಿ. ಇಲ್ಲದಿದ್ದರೆ ತಿರುವಿನಲ್ಲಿ ಮೈ ಜಾರದಿರಲಿ ಅಂತ ಸ್ಟೀರಿಂಗನ್ನೇ ಹಿಡಿದು ನೇತಾಡುತ್ತೀರಿ, ಆಗ ಟೈರ್ ಕೈಗೆ ಏನು ಹೇಳುತ್ತಿದೆ ಅನ್ನುವುದು ಗೊತ್ತಾಗುವುದಿಲ್ಲ. ಸೀಟ್ ಬೆಲ್ಟ್ ಕಂಪನಿಯದ್ದೇ ಇರಲಿ. ರೇಸಿಂಗ್ ಬೆಲ್ಟ್ ಅದಕ್ಕೆ ತಕ್ಕ ಸೀಟು, ಸರಿಯಾದ ಆಂಕರ್ ಎಲ್ಲ ಇದ್ದರೆ ಮಾತ್ರ. ಅದೊಂದನ್ನೇ ತಂದು ಕಟ್ಟಿಕೊಂಡರೆ ರಕ್ಷಣೆಗಿಂತ ಅಪಾಯವೇ ಜಾಸ್ತಿ.

ಮೊದಲ ಎರಡು ಲ್ಯಾಪ್ ನಿಧಾನಕ್ಕೆ ಹೋಗಿ. ಟೈರ್, ಬ್ರೇಕ್ ಬಿಸಿಯಾಗಲಿ ಅನ್ನುವುದು ಒಂದು ಕಾರಣ. ಬಾವುಟ ತೋರಿಸುವ ಮಾರ್ಷಲ್‌ಗಳು ಎಲ್ಲೆಲ್ಲಿ ನಿಂತಿದ್ದಾರೆ ಅಂತ ನೋಡಿಕೊಳ್ಳುವುದು ಇನ್ನೊಂದು. ಗೇರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಸ್ಪೋರ್ಟ್ ಮೋಡಿಗೆ ಹಾಕಿ ಗೇರ್‌ಬಾಕ್ಸಿಗೇ ಬಿಟ್ಟುಬಿಡಿ. ಸ್ಟೀರಿಂಗ್ ಹಿಂದಿರುವ, ಕೈಯಿಂದ ಗೇರ್ ಬದಲಾಯಿಸುವ ಪ್ಯಾಡಲ್ ಎಲ್ಲ ಆಮೇಲೆ. ಟೈಮ್ ನೋಡುವ ಆ್ಯಪ್ ಬೇಡವೇ ಬೇಡ. ಗಡಿಯಾರ ಕಂಡ ಕೂಡಲೇ ಜನ ಕಲಿಯುವುದನ್ನು ಬಿಟ್ಟು ಪೈಪೋಟಿಗೆ ಇಳಿಯುತ್ತಾರೆ.

ಕಣ್ಣಿನ ವಿಷಯ ಬ್ರೇಕಿನಷ್ಟೇ ಮುಖ್ಯ. ಹೊಸಬರು ಬಾನೆಟ್ಟಿನ ಮುಂದಿನ ಇಪ್ಪತ್ತು ಮೂವತ್ತು ಮೀಟರ್ ನೋಡುತ್ತಾ ಓಡಿಸುತ್ತಾರೆ. ಅಲ್ಲಿ ಕಂಡದ್ದಕ್ಕೆ ಏನು ಮಾಡಲೂ ಆಗಲೇ ತಡವಾಗಿರುತ್ತದೆ, ಹಾಗಾಗಿ ಸ್ಟೀರಿಂಗನ್ನು ಗಳಿಗೆಗೊಂದು ಸಲ ತಿದ್ದುತ್ತಲೇ ಇರುತ್ತಾರೆ. ಬ್ರೇಕ್ ಹಾಕುವ ಜಾಗಕ್ಕೆ ಬರುವ ಮೊದಲೇ ಕಣ್ಣು ಸ್ಟೀರಿಂಗ್ ತಿರುಗಿಸುವ ಜಾಗದಲ್ಲಿರಬೇಕು. ತಿರುಗಿಸುವಾಗ ಎಪೆಕ್ಸ್ ಕಡೆ, ಅಂದರೆ ತಿರುವಿನ ಒಳ ಅಂಚಿಗೆ ಗಾಡಿ ತಾಗಿ ಹೋಗುವ ಜಾಗದ ಕಡೆ. ಎಪೆಕ್ಸ್ ಹತ್ತಿರ ಬಂದಾಗ ಹೊರಬೀಳುವ ಜಾಗದ ಕಡೆ. ಬಿಗಿಯಾದ ತಿರುವಿನಲ್ಲಿ ಮುಂದಿನ ಗ್ಲಾಸಿನಿಂದಲ್ಲ, ಪಕ್ಕದ ಗ್ಲಾಸಿನಿಂದ ನೋಡಬೇಕಾಗುತ್ತದೆ. ಹೆಲ್ಮೆಟ್ ಸಮೇತ ತಲೆ ತಿರುಗಿಸಿ. ಮೊದಮೊದಲು ವಿಚಿತ್ರ ಅನ್ನಿಸುತ್ತದೆ, ಆದರೆ ಒಂದು ಸಲ ಹಿಡಿತಕ್ಕೆ ಬಂದರೆ ಅದೇ ವೇಗ ನಿಧಾನವಾಗಿ ಕಾಣಲು ಶುರುವಾಗುತ್ತದೆ. ಇದಕ್ಕೆ ಒಂದು ಉಲ್ಟಾ ಮುಖವೂ ಇದೆ. ಗಾಬರಿಯಾದಾಗ ಕಣ್ಣು ಗೋಡೆಗೆ ಅಂಟಿಕೊಂಡರೆ ಕೈ ಅತ್ತಲೇ ಎಳೆಯುತ್ತದೆ. ಹೋಗಬೇಕಾದ ಕಡೆಯೇ ನೋಡಿ, ಗಾಡಿ ಬೇರೆ ಕಡೆ ಮುಖ ಮಾಡಿದ್ದರೂ ಸರಿ.

ಇನ್ನು ಬ್ರೇಕ್ ಹಾಕುವ ಬಗೆ. ರಸ್ತೆಯಲ್ಲಿ ನಾವು ಮೆಲ್ಲಗೆ ಶುರು ಮಾಡಿ, ಕೊನೆಗೆ ಬೇಕಾದರೆ ಜೋರು ಮಾಡುತ್ತೇವೆ. ಟ್ರ್ಯಾಕಿನಲ್ಲಿ ಇದು ಪೂರ್ತಿ ತಿರುಗುಮುರುಗು. ಗಾಡಿ ನೇರ ಇರುವಾಗ, ಶುರುವಿನಲ್ಲೇ ಬೇಗ ಜೋರಾಗಿ ಒತ್ತಿ. ಒದೆಯಬೇಡಿ, ಒತ್ತಿ. ಅರ್ಧ ಸೆಕೆಂಡಿನೊಳಗೆ ಪೂರ್ತಿ ಬಲಕ್ಕೆ ಬನ್ನಿ. ಪೆಡಲ್ ಕಾಲಡಿ ಗಡಗಡ ಅಂದರೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿದೆ, ಹೆದರಬೇಡಿ, ಚೂರೇ ಚೂರು ಸಡಿಲಿಸಿ. ವೇಗ ಇಳಿದಂತೆ ಪೆಡಲನ್ನು ನಿಧಾನಕ್ಕೆ ಬಿಡುತ್ತಾ ಬನ್ನಿ. ಈ ಬಿಡುವ ಕೆಲಸವೇ ಕಷ್ಟ, ಇದನ್ನೇ ಜಾಸ್ತಿ ಅಭ್ಯಾಸ ಮಾಡಿ. ಹೊಸಬರು ಮೆಲ್ಲಗೆ ಬಹಳ ಹೊತ್ತು ಬ್ರೇಕ್ ಹಿಡಿದೇ ಇರುತ್ತಾರೆ, ಆಮೇಲೆ ತಟ್ಟನೆ ಕಾಲು ಎತ್ತುತ್ತಾರೆ. ಮೊದಲನೆಯದರಿಂದ ಬ್ರೇಕಿಗೆ ಉಸಿರಾಡಲು ಸಮಯ ಸಿಗದೆ ಸುಡುತ್ತದೆ. ಎರಡನೆಯದರಿಂದ ಮುಂದೆ ಬಗ್ಗಿದ್ದ ಗಾಡಿ ಹಿಂದಕ್ಕೆ ಎಗರಿ, ತಿರುವು ಶುರುವಾಗುವ ಹೊತ್ತಿಗೆ ಸರಿಯಾಗಿ ಮುಂದಿನ ಟೈರಿನ ಹಿಡಿತ ಹೋಗುತ್ತದೆ.

ಬ್ರೇಕ್ ಜಾಗ ಗೊತ್ತುಮಾಡಿಕೊಳ್ಳಲು ಪಕ್ಕದಲ್ಲಿ ತಿರುವಿಗೆ ಇನ್ನೆಷ್ಟು ಮೀಟರ್ ಅಂತ ಹೇಳುವ 150, 100, 50 ಅನ್ನುವ ಬೋರ್ಡುಗಳು ಇರುತ್ತವೆ. ಮೊದಲ ಬೋರ್ಡಿನಲ್ಲೇ, ಇಲ್ಲ ಅದಕ್ಕೂ ಮುಂಚೆಯೇ ಶುರು ಮಾಡಿ. ತಿರುವಿಗೆ ಬರುವಷ್ಟರಲ್ಲಿ ವೇಗ ತೀರಾ ಕಮ್ಮಿಯಾಯಿತು ಅನ್ನಿಸಿದರೆ ಮುಂದಿನ ಲ್ಯಾಪಿನಲ್ಲಿ ಒಂದೆರಡು ಕಾರುದ್ದ ಮುಂದೆ ಹಾಕಿ. ಒಂದೇ ಸಲ ಇಡೀ ಬೋರ್ಡಿನಷ್ಟು ಮುಂದೆ ಹೋಗಬೇಡಿ. ಯಾಕೆ ಅನ್ನುವುದಕ್ಕೆ ಲೆಕ್ಕ ಇದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಒಳ್ಳೆಯ ರಸ್ತೆ ಟೈರ್ ಗಂಟೆಗೆ ಹೆಚ್ಚೆಂದರೆ 80 ಕಿಲೋಮೀಟರ್ ತಾಳುತ್ತದೆ. 85ರಲ್ಲಿ ನುಗ್ಗಿದರೆ ಟೈರಿನಿಂದ ಕೇಳುತ್ತಿರುವುದು ಶೇಕಡಾ 13ರಷ್ಟು ಜಾಸ್ತಿ. ವೇಗ ಎರಡು ಪಟ್ಟಾದರೆ ಬೇಕಾಗುವ ಹಿಡಿತ ನಾಲ್ಕು ಪಟ್ಟು. ಹಾಗಾಗಿ ಮಿತಿಯ ಹತ್ತಿರ 5 ಕಿಲೋಮೀಟರ್ ಅನ್ನುವುದು ಸಣ್ಣ ವ್ಯತ್ಯಾಸ ಅಲ್ಲ, ಟ್ರ್ಯಾಕಿನ ಮೇಲೆ ಉಳಿಯುವುದಕ್ಕೂ ಹುಲ್ಲಿನಲ್ಲಿ ಇರುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ.

ತಿರುವಿನ ದಾರಿ ಹೀಗೆ: ಹೊರ ಅಂಚಿನಿಂದ ಶುರು, ಒಳ ಅಂಚಿಗೆ ತಾಗಿ, ಮತ್ತೆ ಹೊರ ಅಂಚಿಗೆ. ಹೊಸಬರಿಗೆ ನನ್ನ ಸಲಹೆ, ಅನ್ನಿಸಿದ್ದಕ್ಕಿಂತ ಸ್ವಲ್ಪ ತಡವಾಗಿ ತಿರುಗಿಸಿ, ಎಪೆಕ್ಸನ್ನು ತಿರುವಿನ ನಡುವೆ ಅಲ್ಲ, ಮೂರರಲ್ಲಿ ಎರಡು ಪಾಲು ದಾಟಿದ ಮೇಲೆ ಇಟ್ಟುಕೊಳ್ಳಿ. ಬೇಗ ತಿರುಗಿಸಿದವರು ಒಳ ಅಂಚಿಗೆ ಬೇಗ ಬಂದು, ಹೊರಬೀಳುವಾಗ ಟ್ರ್ಯಾಕ್ ಸಾಲದೆ ಒದ್ದಾಡುತ್ತಾರೆ. ತಡವಾಗಿ ತಿರುಗಿಸಿದರೆ ಕೊನೆಯಲ್ಲಿ ಜಾಗ ಮಿಗುತ್ತದೆ. ಮಿಕ್ಕ ಜಾಗವೇ ತಪ್ಪು ತಿದ್ದಿಕೊಳ್ಳಲು ಇರುವ ಅವಕಾಶ. ನಿಮ್ಮ ಗಾಡಿಗೆ ಇದರಿಂದ ಇನ್ನೊಂದು ಲಾಭ ಇದೆ. ಸ್ಟೀರಿಂಗ್ ಬೇಗ ನೇರ ಆಗುತ್ತದೆ, ಆ 300 ಹಾರ್ಸ್‌ಪವರನ್ನು ಧೈರ್ಯವಾಗಿ ಬಳಸಬಹುದು.

ಧೈರ್ಯ ಅಂದರೂ ಹಿಂದಿನ ಚಕ್ರಗಳಿಗೆ ಪವರ್ ಹೋಗುವ ಗಾಡಿ ಅನ್ನುವುದನ್ನು ಮರೆಯುವ ಹಾಗಿಲ್ಲ. ನಿಂತಾಗ ಮುಂದೆ ಹಿಂದೆ ತೂಕ ಸಮ ಇದ್ದರೂ, ಜೋರಾಗಿ ಬ್ರೇಕ್ ಹಾಕಿದಾಗ ಮೂರರಲ್ಲಿ ಎರಡು ಪಾಲು ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹಿಂದಿನ ಚಕ್ರಗಳು ಹಗುರಾಗಿ, ಹಿಡಿತ ಕಮ್ಮಿಯಾಗಿರುತ್ತದೆ. ಈಗ ತಿರುವಿನ ನಡುವೆ ಇದ್ದೀರಿ, ವೇಗ ಜಾಸ್ತಿಯಾಯಿತು ಅಂತ ಹೆದರಿ ತಟ್ಟನೆ ಆಕ್ಸಿಲರೇಟರ್ ಬಿಟ್ಟಿರಿ ಅಂದುಕೊಳ್ಳಿ. ತೂಕ ಮುಂದಕ್ಕೆ ಹಾರುತ್ತದೆ, ಮೂತಿ ಒಳಕ್ಕೆ ತಿರುಗುತ್ತದೆ, ಹಿಂಭಾಗ ಹೊರಕ್ಕೆ ಬೀಸುತ್ತದೆ. ಹೊಸಬರ ಸ್ಪಿನ್ ಎಷ್ಟೋ ಸಲ ಆಗುವುದು ಜಾಸ್ತಿ ಪವರ್ ಕೊಟ್ಟದ್ದರಿಂದ ಅಲ್ಲ, ಹೀಗೆ ಕಾಲು ಎತ್ತಿದ್ದರಿಂದ. ವೇಗ ಜಾಸ್ತಿ ಅನ್ನಿಸಿದರೆ ಆಕ್ಸಿಲರೇಟರನ್ನು ಮೆಲ್ಲಗೆ ಸಡಿಲಿಸಿ, ಸ್ಟೀರಿಂಗನ್ನೂ ಎಷ್ಟು ಜಾಗ ಇದೆಯೋ ಅಷ್ಟು ಸಡಿಲಿಸಿ. ಅದೇ ಮುಂದಿನ ಟೈರ್ ಕಿರುಚುತ್ತಾ ಗಾಡಿ ತಿರುಗದೆ ನೇರ ಹೋಗುತ್ತಿದ್ದರೆ ಸ್ಟೀರಿಂಗ್ ಇನ್ನೂ ತಿರುಗಿಸಿ ಪ್ರಯೋಜನ ಇಲ್ಲ. ಸ್ವಲ್ಪ ನೇರ ಮಾಡಿ, ವೇಗ ಇಳಿಯಲು ಬಿಡಿ, ಹಿಡಿತ ತಾನೇ ಬರುತ್ತದೆ. ಟೈರಿನ ಸದ್ದು ಕೇಳಿಸಿಕೊಳ್ಳಿ. ಸಣ್ಣಗೆ ಗುಂಯ್‌ಗುಟ್ಟುತ್ತಿದ್ದರೆ ಹಿಡಿತ ಇನ್ನೂ ಉಳಿದಿದೆ ಅಂತ, ಚೀರುತ್ತಿದ್ದರೆ ನೀವು ದಾಟಿ ಹೋಗಿದ್ದೀರಿ ಅಂತ.

ಹೊರಬೀಳುವಾಗ ಸ್ಟೀರಿಂಗ್ ಎಷ್ಟು ಬಿಚ್ಚಿಕೊಳ್ಳುತ್ತದೆಯೋ ಅಷ್ಟೇ ಆಕ್ಸಿಲರೇಟರ್. ಇದನ್ನು ಮೀರಿದ ಕಡೆಯೇ ನಾನು ಮೊದಲು ಹೇಳಿದ ದೀಪ ಮಿಣುಕುವುದು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸ್ಟೆಬಿಲಿಟಿ ಕಂಟ್ರೋಲ್ ನಿಮ್ಮನ್ನು ಉಳಿಸುವುದು ಎಂಜಿನ್ ತಗ್ಗಿಸುವುದರ ಜೊತೆಗೆ ಒಂದೊಂದೇ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ. ಇಡೀ ದಿನ ದೀಪ ಮಿಣುಕಿಸಿಕೊಂಡು ಓಡಿಸಿದರೆ ನೀವು ಪೆಡಲ್ ಮುಟ್ಟದಿರುವಾಗಲೂ ಬ್ರೇಕ್ ಕಾಯುತ್ತಿರುತ್ತದೆ, ಪ್ಯಾಡ್ ಸವೆಯುತ್ತಿರುತ್ತದೆ. ನೀಟಾಗಿ ಓಡಿಸುವವರ ಗಾಡಿ ಸಂಜೆಯವರೆಗೂ ತಾಳುವುದಕ್ಕೆ ಇದೂ ಒಂದು ಕಾರಣ.

ಬ್ರೇಕ್ ದಣಿದಿದ್ದರೆ ಕಾಲಿಗೇ ಗೊತ್ತಾಗುತ್ತದೆ, ಆದರೆ ಎರಡು ಬಗೆ ಇದೆ, ಬೇರೆ ಬೇರೆ ಗುರುತಿಸಿ. ಪೆಡಲ್ ಎಂದಿನಂತೆ ಗಟ್ಟಿಯಾಗಿದೆ, ಆದರೆ ಒತ್ತಿದಷ್ಟು ನಿಲ್ಲುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಅಂದರೆ ಪ್ಯಾಡ್ ಕಾದಿದೆ. ಒಂದೆರಡು ಲ್ಯಾಪ್ ನಿಧಾನಕ್ಕೆ ಹೋದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಪೆಡಲ್ ಮೆತ್ತಗಾಗಿದೆ, ಮೊದಲಿಗಿಂತ ಕೆಳಗೆ ಹೋಗುತ್ತಿದೆ ಅಂದರೆ ಆಯಿಲ್ ಕುದಿದಿದೆ. ಆಗ ಮತ್ತೊಂದು ಲ್ಯಾಪ್ ಅನ್ನುವ ಮಾತೇ ಇಲ್ಲ. ಪೆಡಲನ್ನು ಬೇಗ ಬೇಗ ನಾಲ್ಕೈದು ಸಲ ಒತ್ತಿ ಬಿಟ್ಟರೆ ಸ್ವಲ್ಪ ಒತ್ತಡ ಸಿಗುತ್ತದೆ, ಗೇರ್ ಇಳಿಸಿ ಎಂಜಿನ್ನಿನಿಂದ ವೇಗ ತಗ್ಗಿಸಿ, ಕೈ ಎತ್ತಿ ಹಿಂದಿನವರಿಗೆ ಸನ್ನೆ ಮಾಡಿ ಪಿಟ್ಟಿಗೆ ಬನ್ನಿ. ಆಯಿಲ್ ತೆಗೆಸಿ ಗಾಳಿ ಹೊರಹಾಕಿಸುವವರೆಗೆ ಮತ್ತೆ ಇಳಿಯಬೇಡಿ.

ಬಾವುಟಗಳ ಅರ್ಥ ಬೆಳಿಗ್ಗೆಯ ಬ್ರೀಫಿಂಗ್‌ನಲ್ಲಿ ಹೇಳುತ್ತಾರೆ, ಅಲ್ಲಿ ಹೇಳಿದ್ದೇ ಆ ದಿನದ ಕಾನೂನು. ಹಳದಿ ಕಂಡರೆ ಮುಂದೆ ಅಪಾಯ, ನಿಧಾನಿಸಿ, ಯಾರನ್ನೂ ದಾಟುವಂತಿಲ್ಲ. ಕೆಂಪು ಅಂದರೆ ಸೆಷನ್ ನಿಂತಿದೆ. ಹಳದಿಯ ಮೇಲೆ ಕೆಂಪು ಪಟ್ಟೆ ಇದ್ದರೆ ನೆಲ ಜಾರುತ್ತಿದೆ. ನೀಲಿ ಅಂದರೆ ಹಿಂದೆ ನಿಮಗಿಂತ ವೇಗದವರು ಬಂದಿದ್ದಾರೆ. ಈ ನೀಲಿಯ ಬಗ್ಗೆ ಸೆಡಾನ್ ಇಟ್ಟುಕೊಂಡವರಿಗೆ ಒಂದು ಕಿವಿಮಾತು. ಪವರ್ ಕಮ್ಮಿ ಇರುವ ಸಣ್ಣ ಕಾರು ತಿರುವಿನಲ್ಲಿ ನಿಮ್ಮ ಬಂಪರಿಗೆ ಬಂದು ಅಂಟಿಕೊಳ್ಳುತ್ತದೆ. ನೇರ ದಾರಿ ಬಂದ ಕೂಡಲೇ ನೀವು ಒತ್ತಿ ಮುಂದೆ ಹೋಗಿಬಿಡುತ್ತೀರಿ. ಮುಂದಿನ ತಿರುವಿನಲ್ಲಿ ಮತ್ತೆ ಅದೇ ಕಥೆ. ಅವರು ನಿಮಗಿಂತ ವೇಗದವರು ಅಂತ ಒಪ್ಪಿಕೊಳ್ಳಿ. ನೇರ ದಾರಿಯಲ್ಲಿ ನಿಮ್ಮ ಸಾಲು ಬಿಡದೆ, ಯಾವ ಕಡೆಯಿಂದ ದಾಟಬೇಕು ಅಂತ ಕೈ ತೋರಿಸಿ, ಆಕ್ಸಿಲರೇಟರ್ ಸ್ವಲ್ಪ ಬಿಡಿ. ಅವರು ದಾಟಿದ ಮೇಲೆ ಹಿಂದಿನಿಂದ ಅವರ ದಾರಿ ನೋಡಿ ಕಲಿಯಬಹುದು, ಆದರೆ ಅವರು ಬ್ರೇಕ್ ಹಾಕಿದ ಜಾಗದಲ್ಲಿ ನೀವು ಹಾಕಲು ಹೋಗಬೇಡಿ. ಅವರದ್ದು ಸಾವಿರ ಕೆಜಿಯ ಗಾಡಿ ಇರಬಹುದು.

ಎರಡು ಚಕ್ರ ಟ್ರ್ಯಾಕಿನಿಂದ ಕೆಳಗಿಳಿದರೆ ತಟ್ಟನೆ ಒಳಕ್ಕೆ ಎಳೆಯಬೇಡಿ. ಹುಲ್ಲಿನ ಮೇಲೆ ಹಿಡಿತವಿಲ್ಲದೆ ತಿರುಗಿದ್ದ ಚಕ್ರ ಟಾರಿಗೆ ತಾಗಿದ ಕ್ಷಣ ಕಚ್ಚಿಕೊಂಡು ಗಾಡಿಯನ್ನು ಎದುರು ಬದಿಗೆ ಎಸೆಯುತ್ತದೆ. ಸ್ಟೀರಿಂಗ್ ನೇರ ಹಿಡಿದು ವೇಗ ಇಳಿಸಿ, ಹಿಂದೆ ಯಾರಿಲ್ಲ ಅಂತ ನೋಡಿಕೊಂಡು ನಿಧಾನಕ್ಕೆ ಹತ್ತಿ. ಪೂರ್ತಿ ಸುತ್ತಿಕೊಂಡರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಗಾಡಿ ನಿಲ್ಲುವವರೆಗೆ ಬಿಡಬೇಡಿ. ಆಗ ಅದು ಹೋಗುತ್ತಿದ್ದ ದಿಕ್ಕಿನಲ್ಲೇ ಜಾರುತ್ತದೆ, ಬರುವವರಿಗೆ ತಪ್ಪಿಸಿಕೊಳ್ಳಲು ಸುಲಭ. ಬೆಂಕಿ ಇಲ್ಲದಿದ್ದರೆ ಮಾರ್ಷಲ್ ಹೇಳುವವರೆಗೆ ಗಾಡಿಯೊಳಗೇ ಇರಿ, ಬೆಲ್ಟ್ ಬಿಚ್ಚಬೇಡಿ.

ಸೆಷನ್ 20 ನಿಮಿಷ ಇದ್ದರೆ ನೀವು 15ಕ್ಕೇ ಮುಗಿಸಿ. ಹೊಸಬರ ಗಮನ ಅಷ್ಟು ಹೊತ್ತೇ ನಿಲ್ಲುವುದು. ಗೊತ್ತಿದ್ದ ತಿರುವಿನಲ್ಲೇ ಎರಡು ಸಲ ಎಪೆಕ್ಸ್ ತಪ್ಪಿದರೆ ದಣಿದಿದ್ದೀರಿ ಅಂತಲೇ ಲೆಕ್ಕ. ನಡುವೆ ಚೆನ್ನಾಗಿ ನೀರು ಕುಡಿಯಿರಿ. ಕೊನೆಯ ಲ್ಯಾಪನ್ನು ಬ್ರೇಕ್ ಮುಟ್ಟದೇ ಇರುವಷ್ಟು ನಿಧಾನಕ್ಕೆ ಓಡಿಸಿ, ಗಾಳಿ ತಾಗಿ ಎಲ್ಲ ತಣ್ಣಗಾಗಲಿ. ನಿಲ್ಲಿಸಿದ ಮೇಲೆ ಪಿ ಗೇರಿಗೆ ಹಾಕಿ ಚಕ್ರಕ್ಕೆ ಅಡ್ಡ ಇಡಿ, ಹ್ಯಾಂಡ್‌ಬ್ರೇಕ್ ಹಾಕಬೇಡಿ. ಕಾದ ಪ್ಯಾಡ್ ಕಾದ ಡಿಸ್ಕನ್ನು ಒಂದೇ ಜಾಗದಲ್ಲಿ ಕಚ್ಚಿ ಹಿಡಿದರೆ ಅಲ್ಲಿ ಗುರುತು ಕೂತು, ಆಮೇಲೆ ಬ್ರೇಕ್ ಹಾಕಿದಾಗೆಲ್ಲ ಪೆಡಲ್ ನಡುಗುತ್ತದೆ. ಎಂಜಿನ್ ಆಫ್ ಮಾಡಿದ ಕೂಡಲೇ ಹ್ಯಾಂಡ್‌ಬ್ರೇಕ್ ತಾನೇ ಹಾಕಿಕೊಳ್ಳುವ ಗಾಡಿಗಳಿವೆ. ನಿಮ್ಮದು ಹಾಗಿದ್ದರೆ ಅದನ್ನು ತಪ್ಪಿಸುವುದು ಹೇಗೆ ಅಂತ ಮನೆಯಲ್ಲೇ ಪುಸ್ತಕ ತೆಗೆದು ನೋಡಿಕೊಂಡು ಹೋಗಿ.

ಸಂಜೆ ಟೈರ್ ತಣ್ಣಗಾದ ಮೇಲೆ ಬಿಟ್ಟ ಗಾಳಿಯನ್ನು ಮತ್ತೆ ತುಂಬಿಸಿಕೊಂಡೇ ರಸ್ತೆಗೆ ಇಳಿಯಿರಿ. ಬೆಳಿಗ್ಗೆ 33 ಇದ್ದದ್ದು ಈಗ 28ಕ್ಕೆ ಬಂದಿರುತ್ತದೆ. ಒಂದೆರಡು ದಿನ ಬಿಟ್ಟು ಚಕ್ರ ಬಿಚ್ಚಿ ಪ್ಯಾಡ್ ಎಷ್ಟು ಉಳಿದಿದೆ ಅಳೆಯಿರಿ, ಮುಂದಿನ ಟೈರಿನ ಹೊರ ಭುಜ ನೋಡಿ. ಪ್ಯಾಡ್ ಬದಲಾಯಿಸಬೇಕಾ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಆಗಲೇ. ಹೊಸ ಆಯಿಲ್ ಹಾಕಿಸಿದ್ದೂ, ನಡುನಡುವೆ ತಣ್ಣಗಾಗಿಸಿದ್ದೂ ಪ್ಯಾಡ್ ಕಾದು ಕೈಕೊಟ್ಟಿದ್ದರೆ ಮುಂದಿನ ಸಲಕ್ಕೆ ರಸ್ತೆಗೂ ಟ್ರ್ಯಾಕಿಗೂ ಆಗುವ, ಹೆಚ್ಚು ಬಿಸಿ ತಾಳುವ ಪ್ಯಾಡ್ ಹಾಕಿಸಿ. ಟೈರಿನ ಹೊರ ಭುಜವೊಂದೇ ಸವೆದಿದ್ದರೆ ಹೊಸ ಟೈರ್ ಕೊಳ್ಳುವ ಮೊದಲು ಅಲೈನ್‌ಮೆಂಟ್ ಮಾಡಿಸುವಾಗ ಮುಂದಿನ ಚಕ್ರದ ಮೇಲ್ಭಾಗವನ್ನು ಕಂಪನಿಯ ಮಿತಿಯೊಳಗೆ ಎಷ್ಟು ಒಳಕ್ಕೆ ವಾಲಿಸಬಹುದೋ ಅಷ್ಟು ವಾಲಿಸಿಕೊಡಲು ಕೇಳಿ. ಎರಡೂ ಆಗಿಲ್ಲ ಅಂದರೆ ಗಾಡಿಗೆ ಏನೂ ಖರ್ಚು ಮಾಡಬೇಡಿ. ಆ ಹಣದಲ್ಲಿ ಇನ್ನೊಂದು ದಿನಕ್ಕೆ ಹೆಸರು ಕೊಡಿ, ಈ ಸಲವೂ ಇನ್‌ಸ್ಟ್ರಕ್ಟರ್ ಬೇಕು ಅಂತ ಹೇಳಿ.